ಅತ್ತೆಯ ಶಾಲು ಮತ್ತು ಹತ್ತು ನಿಮಿಷದ ಏಸಿ

1

ಎಲ್ಲಿಂದ ಶುರು ಮಾಡಲಿ? ಬಾನೆಟ್ಟಿನಿಂದಲೋ, ಬಾಯಿಂದಲೋ?

ಬಾನೆಟ್ಟಿನಿಂದ ಶುರು ಮಾಡಿದ ಮೊದಲ ಪ್ರತಿಯಲ್ಲಿ ಬರೀ ಕಂಪ್ರೆಸರ್, ಬೆಲ್ಟು, ಗ್ಯಾಸು. ಅದು ಕಥೆಯೋ ಗ್ಯಾರೇಜಿನ ಚೀಟಿಯೋ ನನಗೇ ತಿಳಿಯದೆ ಹರಿದು ಹಾಕಿದೆ. ಹಾಗಾಗಿ ಬಾಯಿಂದಲೇ ಶುರು. ಅಂದರೆ, ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಅಳಿಯ ತನ್ನ ಅತ್ತೆಗೆ ಕೊಟ್ಟ ಮಾತಿನಿಂದ.

"ಅತ್ತೆ, ಇನ್ನೊಂದು ಸಲ ನೀವು ಈ ಕಾರಲ್ಲಿ ಕೂತಾಗ, ಚಳಿ ಆಗ್ತಿದೆ ಶಾಲು ಕೊಡಿ ಅಂತ ನೀವಾಗೇ ಕೇಳ್ಬೇಕು. ಹಾಗೆ ಮಾಡಿಸ್ತೀನಿ, ನೋಡ್ತಿರಿ."

ಹೇಳಿದ್ದು ಒಂದು ಏರುರಸ್ತೆಯ ಬದಿಯಲ್ಲಿ, ಬೇಸಿಗೆಯ ಮಟಮಟ ಮಧ್ಯಾಹ್ನ. ಅತ್ತೆ ಮುಂದಿನ ಸೀಟಿನಲ್ಲಿ ಬೆಂದ ಬದನೆಕಾಯಿಯಂತೆ ಕೂತಿದ್ದರು. ಕಾರು ಅಳಿಯನ ಅಪ್ಪನ ಕಾಲದ್ದು. ಗುಂಡು ಮೂತಿ, ಕ್ರೋಮ್ ಬಂಪರ್, ಎಲ್ಲರೂ ನಿಂತು ಫೋಟೋ ತೆಗೆದುಕೊಳ್ಳುವಂಥದ್ದು. ಫೋಟೋ ತೆಗೆದವರು ಯಾರೂ ಅದರೊಳಗೆ ಕೂತು ನೋಡಿರಲಿಲ್ಲ.

(ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಇಲ್ಲಿ ಹಾಕಬೇಕೆಂದಿದ್ದೆ. ಮೊದಲ ಪುಟದಲ್ಲೇ ಗಾದೆ ಖರ್ಚು ಮಾಡುವುದು ಬೇಡವೆಂದು ತಡೆದಿದ್ದೇನೆ.)

2

ಅಂದಿನಿಂದ ಅತ್ತೆ ಆ ಕಾರಿಗೆ ಕಾಲಿಟ್ಟಿಲ್ಲ. ಮಗಳ ಮನೆಗೆ ಬಂದಾಗಲೆಲ್ಲ ಬಸ್ಸಿನಲ್ಲೇ. ಚೀಲದಲ್ಲಿ ಮಡಿಸಿದ ಒಂದು ಕಂದು ಶಾಲು ತಪ್ಪದೆ ಇರುತ್ತಿತ್ತು. ಬಂದವರೇ ಕಾರಿನ ಪಕ್ಕ ನಿಲ್ಲುವರು.

"ಆಯ್ತಾ, ಅಳಿಯಂದ್ರೇ?"

"ಇನ್ನೇನು ಅತ್ತೆ, ಗ್ಯಾಸ್ ಒಂದು ತುಂಬಿಸ್ಬಿಟ್ರೆ…"

ಶಾಲು ಚೀಲದಲ್ಲೇ ಬಸ್ಸು ಹತ್ತುತ್ತಿತ್ತು.

ಈಗ ಅತ್ತೆಗೆ ಎಪ್ಪತ್ತೆಂಟು. ಹೊಲಿಗೆ ಕಲಿಸುವ ಟೀಚರಾಗಿ ಜನ್ಮವಿಡೀ ಮಿಷನ್ ತುಳಿದ ಮಂಡಿ ಕೈಕೊಟ್ಟಿದೆ. ಅವರಿರುವ ಮಗನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. "ನಮ್ಮನೆಗೇ ಬಂದುಬಿಡಮ್ಮಾ" ಎಂದು ಮಗಳು ಗೋಗರೆದಳು. ಕೆಳಗಿನ ಕೋಣೆ ತೊಳೆದಳು. ಅಮ್ಮನಿಗೆ ಹತ್ತಿ ಇಳಿಯಲು ಸಲೀಸಾಗಲೆಂದು ಬಡಗಿಯನ್ನು ಕರೆಸಿ ಮಂಚದ ಕಾಲುಗಳನ್ನು ನಾಲ್ಕು ಬೆರಳು ಕೊಯ್ಯಿಸಿದಳು. ಆಮೇಲೆ ಅತ್ತೆಯ ಷರತ್ತು ಬಂತು:

"ಬರ್ತೀನಿ. ಆದ್ರೆ ಆ ಕಾರಲ್ಲೇ. ದಾರೀಲಿ ಶಾಲು ಕೇಳೋ ಹಾಗಾದ್ರೆ ಇರ್ತೀನಿ. ಇಲ್ಲಾಂದ್ರೆ ಅದೇ ಕಾರಲ್ಲಿ ವಾಪಸ್ ತಂದು ಬಿಡ್ಬೇಕು."

ಹೆಂಡತಿ ಗಂಡನ ಕಡೆ ತಿರುಗಿದಳು. "ರೀ, ಭಾನುವಾರದೊಳಗೆ ಆ ಕಾರು ತಣ್ಣಗಾಗ್ಬೇಕು. ಇಲ್ಲಾಂದ್ರೆ ನಾನು ಬಿಸಿಯಾಗ್ತೀನಿ. ಮಂಚ ಬೇರೆ ಕೊಯ್ಸಿದೀನಿ."

3

(ಮೂರನೆಯ ಭಾಗದಲ್ಲಿ ಅಳಿಯನ ಬಾಲ್ಯವಿತ್ತು. ಅದಕ್ಕೂ ಏಸಿಗೂ ಸಂಬಂಧವಿರಲಿಲ್ಲ. ತೆಗೆದೆ.)

4

ಮೆಕ್ಯಾನಿಕ್ಕಿಗೆ ಗ್ಯಾಸ್ ಮಾಮ ಎಂದು ಹೆಸರು. ಯಾವ ಕಾರಿನ ಏಸಿ ಬಂದರೂ ಮೊದಲು ಗ್ಯಾಸ್ ತುಂಬಿ, ಆಮೇಲೆ ಕಾಯಿಲೆ ಕೇಳುವವನು. ಈ ಕಾರು ತಯಾರಾದ ಕಾಲದಲ್ಲಿ ಏಸಿ ಎಂಬುದೇ ಇರಲಿಲ್ಲ. ಕೊಟ್ಟ ಮಾತಿಗಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದನ್ನು ತೂಗುಹಾಕಿದವನೂ ಅವನೇ. ಹತ್ತೊಂಬತ್ತು ವರ್ಷದಲ್ಲಿ ಎರಡು ಕಂಪ್ರೆಸರ್, ಮೂರು ಬೆಲ್ಟು, ಮುಂದಿನ ಜಾಲರಿ, ಪೈಪುಗಳು ಎಲ್ಲ ಬದಲಾಗಿದ್ದವು.

ಕಾಯಿಲೆ ಮಾತ್ರ ವಿಚಿತ್ರ. ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದರೆ ತಣ್ಣನೆ ಗಾಳಿ ಬರುತ್ತದೆ. ಅಳಿಯ ಖುಷಿಯಾಗಿ ಹೊರಡುತ್ತಾನೆ. ಹತ್ತೇ ನಿಮಿಷ. ಆಮೇಲೆ ಕಾರು ಒಲೆ.

ಈ ಸಲವೂ ಮಾಮ ಮೀಟರ್ ಹಚ್ಚಿದ. ಪೈಪು ಮುಟ್ಟಿದ, ಅದು ತಂಪಿಗೆ ಬೆವರುತ್ತಿತ್ತು. "ಸಾರ್, ನನ್ನ ಏಸಿ ಕರೆಕ್ಟಾಗಿದೆ. ಅದರ ಮೂತಿ ತಣ್ಣಗಿದೆ, ಕಾರಿನ ಹೊಟ್ಟೆ ಬಿಸಿ. ಒಳಗೆ ಯಾರೋ ಬೆಂಕಿ ಹಾಕ್ಕೊಂಡು ಕೂತಿದಾರೆ."

"ಯಾರಯ್ಯಾ ಕೂರ್ತಾರೆ? ಇನ್ನೊಂದು ಸ್ವಲ್ಪ ಗ್ಯಾಸ್ ಹಾಕು."

"ಸಾರ್, ಗ್ಯಾಸ್ ಬೇಡ ಅಂತ ನಾನೇ ಹೇಳ್ತಿದೀನಿ ಅಂದ್ರೆ ಯೋಚ್ನೆ ಮಾಡಿ."

5

ಇಲ್ಲಿ ಅಳಿಯ ನನ್ನ ಕಡೆ ತಿರುಗಿ ಜಗಳಕ್ಕೆ ನಿಂತ.

"ಕಥೆ ಬರೆಯೋರು ನೀವೇ ತಾನೇ? ಒಂದು ಸಾಲು ಬರೆದುಬಿಡಿ, ಏಸಿ ಸರಿಹೋಯ್ತು ಅಂತ. ನಿಮ್ಮ ಗಂಟೇನು ಹೋಗುತ್ತೆ?"

"ಬರೀತೀನಿ. ಹೇಗೆ ಸರಿಹೋಯ್ತು ಅಂತ ಓದುಗರು ಕೇಳ್ತಾರಲ್ಲ?"

"ಪವಾಡ ಅನ್ನಿ."

"ಆಗೋದಿಲ್ಲ. ನೀವೇ ಏನೋ ಮುಚ್ಚಿಡ್ತಿದೀರಿ ಅಂತ ನನಗೆ ಅನುಮಾನ."

ಅವನು ಬಾನೆಟ್ಟಿನೊಳಗೆ ತಲೆ ಹಾಕಿದ. ತಾವೇ ಸೃಷ್ಟಿಸಿದ ಪಾತ್ರದ ಗುಟ್ಟು ಗೊತ್ತಿಲ್ಲದ ಲೇಖಕರನ್ನು ಏನೆಂದು ಕರೆಯಬೇಕೋ ಕರೆಯಿರಿ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೈತುಂಬ ಗ್ರೀಸು, ಹಾಗಾಗಿ ಗ್ಯಾಸ್ ಮಾಮನೇ ಮೊಣಕೈಯಿಂದ ಸ್ಪೀಕರ್ ಒತ್ತಿದ.

6

"ಆಯ್ತಾ, ಅಳಿಯಂದ್ರೇ?"

"ಇನ್ನೇನು ಅತ್ತೆ, ಗ್ಯಾಸ್…"

"ಅದಿರ್ಲಿ. ಅವತ್ತು ಏರು ಹತ್ತೋವಾಗ ನೀವೊಂದು ಗುಂಡಿ ಎಳೆದ್ರಿ. ಅದು ಕಿತ್ಕೊಂಡು ಕೈಗೇ ಬಂತು. ಅತ್ತೆ ನೋಡ್ಲಿಲ್ಲ ಅಂದ್ಕೊಂಡು ಮುಂದಿನ ಡಬ್ಬಿಗೆ ಹಾಕಿದ್ರಿ. ಆಮೇಲೇ ನನ್ನ ಪಾದ ಸುಡೋಕೆ ಶುರುವಾಗಿದ್ದು. ಕೇಳಿದ್ರೆ 'ಹೊರಗಿನ ಬಿಸಿಗಾಳಿ ಅತ್ತೆ' ಅಂದ್ರಿ. ಆ ಗುಂಡಿ ವಾಪಸ್ ಹಾಕಿದ್ರಾ?"

ಗ್ಯಾಸ್ ಮಾಮ ನಿಧಾನವಾಗಿ ಸೀಟಿನ ಮುಂದಿನ ಡಬ್ಬಿ ತೆರೆದ. ಹಳೇ ಚೀಟಿಗಳ ಅಡಿಯಲ್ಲಿ ಒಂದು ಕಪ್ಪು ಗುಂಡಿ. ಅದರ ಮೇಲೆ ಬರೆದದ್ದು: ಹೀಟರ್.

ವಿಷಯ ಇಷ್ಟು. ಅವತ್ತು ಏರಿನಲ್ಲಿ ಎಂಜಿನ್ ಕುದಿಯತೊಡಗಿತ್ತು. ಹಳೇ ಡ್ರೈವರುಗಳಿಗೆ ಒಂದು ಉಪಾಯ ಗೊತ್ತು: ಹೀಟರ್ ತೆರೆದರೆ ಎಂಜಿನ್ನಿನ ಬಿಸಿ ಒಳಕ್ಕೆ ಬರುತ್ತದೆ, ಎಂಜಿನ್ ಉಳಿಯುತ್ತದೆ. ಅಳಿಯ ಎಂಜಿನ್ ಉಳಿಸಿದ, ಅತ್ತೆಯನ್ನು ಬೇಯಿಸಿದ. ಗುಂಡಿ ಕಿತ್ತುಬಂದು ಹೀಟರ್ ತೆರೆದೇ ಉಳಿಯಿತು. 'ಬಿಸಿಗಾಳಿ' ಎಂಬ ಸುಳ್ಳನ್ನು ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟ. ಎಂಜಿನ್ ಕಾಯಲು ಬೇಕಾದದ್ದು ಹತ್ತು ನಿಮಿಷ. ಅಲ್ಲಿಯತನಕ ಏಸಿ ಗೆಲ್ಲುತ್ತಿತ್ತು, ಆಮೇಲೆ ಹೀಟರ್. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

"ಅತ್ತೆ…" ಅಳಿಯ ಫೋನಿನ ಹತ್ತಿರ ಬಾಗಿದ. "ಅದು ಹೀಟರು. ನಾನೇ ಹಾಕಿದ್ದು. ತಪ್ಪಾಯ್ತು."

"ಗೊತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ನೀವೇ ಹೇಳ್ತೀರಿ ಅಂತ ಕಾದೆ."

"ಹತ್ತೊಂಬತ್ತು ವರ್ಷ?"

"ನನಗೇನು ಅವಸರ? ಮಂಡಿ ಈಗ ತಾನೇ ಕೆಟ್ಟಿದ್ದು."

ಗ್ಯಾಸ್ ಮಾಮ ಇಕ್ಕಳ ತೆಗೆದುಕೊಂಡು ಬಾನೆಟ್ಟಿನೊಳಗೆ ಕೈ ಹಾಕಿ ಹೀಟರಿಗೆ ಹೋಗುವ ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿ ಮುಚ್ಚಿದ, ಗುಂಡಿಯನ್ನು ಅದರ ಜಾಗಕ್ಕೆ ಸಿಕ್ಕಿಸಿದ. ರಿಪೇರಿ ಮುಗಿಯಿತು. ಅವನ ಮುಖ ನೋಡುವಂತಿರಲಿಲ್ಲ. "ಎರಡು ಕಂಪ್ರೆಸರ್, ಸಾರ್," ಎಂದ. "ಎರಡು."

7

ಈಗ ಅಂತ್ಯಗಳು.

ಅಂತ್ಯ ಒಂದು: ಅದೇ ಏರಿನಲ್ಲಿ ಕಾರು ಕೆಟ್ಟು ನಿಲ್ಲುತ್ತದೆ, ಅತ್ತೆ ಬಸ್ಸು ಹತ್ತುತ್ತಾರೆ. (ಅಳಿಯನ ಹೆಂಡತಿ ಕೊಯ್ದ ಮಂಚ ತೋರಿಸಿ ನನ್ನನ್ನು ಹೆದರಿಸಿದಳು. ಕೈಬಿಟ್ಟೆ.)

ಅಂತ್ಯ ಎರಡು: ಅತ್ತೆ ನಡುಗುತ್ತ ಶಾಲು ಕೇಳುತ್ತಾರೆ, ಅಳಿಯ ಹೊದಿಸುತ್ತಾನೆ, ಇಬ್ಬರ ಕಣ್ಣಲ್ಲೂ ನೀರು. ಇದನ್ನು ಬರೆದು ಮುಗಿಸುವ ಮೊದಲೇ ಅತ್ತೆ ತಡೆದರು. "ಏನು ಕಥೆ ಬರೀತೀರೋ ಏನೋ! ನಾನು ಯಾಕೆ ಕೇಳ್ಲಿ? ಕೇಳಿದ್ರೆ ಅಲ್ಲಿಗೆ ಮುಗೀತು. ಆಮೇಲೆ ಇವರನ್ನ ನಾನು ಏನಂತ ರೇಗಿಸ್ಲಿ?"

ಆ ಅಂತ್ಯವನ್ನೂ ಹೊಡೆದುಹಾಕಿದೆ. ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ.

8

ಭಾನುವಾರ. ಅತ್ತೆ ಮುಂದಿನ ಸೀಟಿನಲ್ಲಿ, ಚೀಲ ತೊಡೆಯ ಮೇಲೆ. ಏಸಿಯ ಮೂತಿ ಅವರ ಮಂಡಿಗೆ ನೇರ. ಹತ್ತು ನಿಮಿಷ ಕಳೆಯಿತು, ತಣ್ಣಗೇ ಇತ್ತು. ಅರ್ಧ ಗಂಟೆ, ತಣ್ಣಗೇ.

ಅದೇ ಏರು ಬಂತು. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ಅಳಿಯನ ಎಡಗೈ ತಾನಾಗಿಯೇ ಆ ಗುಂಡಿಯತ್ತ ಹೋಯಿತು. ಅತ್ತೆ ಆ ಕೈಯನ್ನೇ ನೋಡುತ್ತಿದ್ದರು. ಕೈ ನಿಂತಿತು.

"ಅತ್ತೆ, ಎಂಜಿನ್ ಕಾಯ್ತಿದೆ. ಬದೀಲಿ ಹಾಕಿ ಸ್ವಲ್ಪ ಹೊತ್ತು ಆರಿಸ್ಬೇಕು. ಅಷ್ಟು ಹೊತ್ತು ಸೆಕೆ ಆಗುತ್ತೆ."

"ನಿಲ್ಸಿ. ಇಷ್ಟು ಅವತ್ತೇ ಹೇಳಿದ್ರೆ ಸಾಕಿತ್ತಲ್ಲ."

ಅರ್ಧ ಗಂಟೆ ಇಬ್ಬರೂ ಬೆವರುತ್ತ ಕೂತರು. ಆಮೇಲೆ ಮತ್ತೆ ಹೊರಟರು. ಏಸಿ ಹಟ ಹಿಡಿದವರಂತೆ ಬೀಸಿತು. ಅತ್ತೆಯ ತೋಳಿನ ಮೇಲೆ ರೋಮ ನಿಂತಿತು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡರು, ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿದರು. ಹಲ್ಲು ಕಟಕಟ ಎಂದಾಗ ಕೆಮ್ಮಿದರು.

"ಶಾಲು ಕೊಡ್ಲಾ ಅತ್ತೆ?"

"ಯಾಕೆ? ಹಿತವಾಗಿದೆ."

ಮನೆ ಬಂತು. ಮಗಳು ಓಡಿಬಂದು ಕೈ ಹಿಡಿದಳು. "ಅಮ್ಮಾ! ಕೈ ಮಂಜುಗಡ್ಡೆ ಆಗಿದೆಯಲ್ಲ! ಶಾಲು ಕೇಳಿದ್ಯಾ?"

"ಇಲ್ಲ."

ಮಗಳ ಮುಖ ಸಣ್ಣಗಾಯಿತು. ಅಳಿಯ ಕೀಲಿ ಹಿಡಿದು ನಿಂತ. ಷರತ್ತು ಷರತ್ತೇ. "ಹಾಗಾದ್ರೆ… ವಾಪಸ್ ಹೊರಡೋಣ್ವಾ ಅತ್ತೆ?"

"ಆ ಐಸ್ ಪೆಟ್ಟಿಗೇಲಿ ಇನ್ನೆರಡು ಗಂಟೆ ಯಾರು ಕೂರ್ತಾರೆ?" ಎಂದು ಅತ್ತೆ ಮಗಳ ಹೆಗಲು ಹಿಡಿದು ಒಳಗೆ ನಡೆದರು. ಮಂಚ ನೋಡಿ, "ಇದೇನೇ ಇಷ್ಟು ಕುಳ್ಳಗೆ?" ಎಂದರು. ಕೂತರು.

9

ಇಲ್ಲಿ ಒಂದು ಒಳ್ಳೆಯ ಕೊನೆಯ ವಾಕ್ಯ ಬೇಕು. ಅತ್ತೆ ಆಮೇಲೆ ಶಾಲು ಹೊದ್ದರೋ ಇಲ್ಲವೋ ನೋಡಿ ಹೇಳೋಣವೆಂದರೆ ಬಾಗಿಲು ಹಾಕಿಕೊಂಡಿದ್ದಾರೆ. ತಟ್ಟುವ ಧೈರ್ಯ ನನಗಿಲ್ಲ. ನಿಮಗಿದ್ದರೆ ತಟ್ಟಿ.

ನನಗೆ ಗೊತ್ತಿರುವುದು ಇಷ್ಟೇ. ಕಾರಿನಲ್ಲಿ ಅತ್ತೆ ಶಾಲು ಕೇಳಲಿಲ್ಲ. ಅಳಿಯ ಕೊಟ್ಟ ಮಾತು ಉಳಿಯಲಿಲ್ಲ.