ಸೌಟಿಗೆ ಕಿವಿಗೊಟ್ಟ ದೊಡ್ಡಮ್ಮ

ಟೊಮ್ಯಾಟೊ ಸಾಸಿನ ಪಾತ್ರೆಯೊಳಗೆ ಮರದ ಸೌಟನ್ನು ತಳ ಮುಟ್ಟುವಂತೆ ನಿಲ್ಲಿಸಿ, ಅದರ ಹಿಡಿಯ ತುದಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿರುವ ನಮ್ಮ ದೊಡ್ಡಮ್ಮನನ್ನು ಮೊದಲ ಸಲ ಕಂಡವರು ಆಕೆಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಆಕೆಗೆ ಏನೂ ಆಗಿರುವುದಿಲ್ಲ. ತಳದಲ್ಲಿ ರಸ ಹೇಗೆ ಕುದಿಯುತ್ತಿದೆ ಎಂದು ಕೇಳುತ್ತಿರುತ್ತಾಳೆ, ಅಷ್ಟೆ. ಆ ಹೊತ್ತಿನಲ್ಲಿ ಒಳಗೆ ಬಂದವನು ಅಂಚೆಯವನಾಗಲಿ, ಒಡಹುಟ್ಟಿದ ತಮ್ಮನೇ ಆಗಲಿ, ಆಕೆಯ ಎಡಗೈಯ ತೋರುಬೆರಳು ಮೇಲಕ್ಕೆದ್ದು ಸುಮ್ಮನಿರಿಸುತ್ತದೆ. ಅದನ್ನು ಮೀರಿ ಮಾತಾಡಿದವರಿಗೆ ಆ ದಿನದ ಊಟದಲ್ಲಿ ಎರಡನೆಯ ಸಲ ಬಡಿಸುವುದಿಲ್ಲ.

ಕುಳ್ಳಗಿನ, ಅಗಲ ಭುಜದ ಹೆಂಗಸು. ಬಲಗಾಲನ್ನು ಕೊಂಚ ಎಳೆದು ನಡೆಯುತ್ತಾಳೆ, ಆದರೂ ಓಣಿಯಲ್ಲಿ ಎದುರಾದವರೇ ಪಕ್ಕಕ್ಕೆ ಸರಿಯಬೇಕು. ಒಲೆ ಹಚ್ಚುವ ಮುನ್ನ ದೊಡ್ಡಪ್ಪನ ಹಳೆಯ ನೀಲಿ ಕೋಟನ್ನು ತೊಟ್ಟು ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುತ್ತಾಳೆ. ವರ್ಷಾನುಗಟ್ಟಲೆ ಸಿಡಿದ ಕೆಂಪು ಹನಿಗಳು ಅದರ ಎದೆಯ ಮೇಲೆ ಕಂದು ಕಲೆಗಳಾಗಿ ಉಳಿದಿವೆ. ದೊಡ್ಡಪ್ಪ ಸರಕು ಹಡಗಿನ ಯಂತ್ರದ ಕೋಣೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಈ ಸಾಸನ್ನು ಹಡಗಿನ ಇಟಲಿಯ ಅಡಿಗೆಯವನಿಂದ ಕಲಿತು ತಂದವನು ಅವನೇ; ಕಬ್ಬಿಣದ ಸರಳಿನ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ ಒಳಗಿನ ದೋಷವನ್ನು ಹಿಡಿಯುತ್ತಿದ್ದವನೂ ಅವನೇ. ಇವೆರಡು ವಿದ್ಯೆಗಳನ್ನು ಒಂದೇ ಒಲೆಯ ಮೇಲೆ ಕೂಡಿಸಿದ್ದು ಮಾತ್ರ ದೊಡ್ಡಮ್ಮನ ಸ್ವಂತ ಪ್ರತಿಭೆ.

ಆಕೆಯ ಮಾತಿಗೂ ಒಂದು ಪಟ್ಟು ಉಂಟು. ಯಾರೇ ಬುದ್ಧಿವಾದ ಹೇಳಲಿ, ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ‘ಸರಿ, ಮುಂದೆ?’ ಎನ್ನುತ್ತಾಳೆ. ಹೇಳುವವರ ಬಳಿ ಮುಂದೆ ಏನೂ ಇರುವುದಿಲ್ಲ. ವೈದ್ಯರು, ಮನೆಯ ಮಾಲೀಕ, ನನ್ನ ತಾಯಿ, ಎಲ್ಲರೂ ಈ ಎರಡು ಪದಗಳ ಎದುರು ಬಾಯಿ ಮುಚ್ಚಿಕೊಂಡವರೇ.

ಕಿವಿಯ ವಿದ್ಯೆ ಹುಟ್ಟಿದ್ದು ಮೂಗು ಕೈಕೊಟ್ಟ ಮೇಲೆ. ಒಂದು ಕೆಟ್ಟ ಜ್ವರ ಆಕೆಯ ಘ್ರಾಣಶಕ್ತಿಯನ್ನು ಸಂಪೂರ್ಣವಾಗಿ ಒಯ್ದಿತು. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತಿದ್ದವು. ಬೆಳ್ಳುಳ್ಳಿಯ ಘಮ, ಬೇಸಿಲ್ ಎಲೆಯ ಪರಿಮಳ, ಸೀದ ವಾಸನೆ ಒಂದೂ ಉಳಿಯಲಿಲ್ಲ. ಇದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಆಕೆ ಪಕ್ಕದ ಕೋಣೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಶ್ಚಿಂತಳಾಗಿದ್ದಾಗ, ಮೇಲಿನ ಮನೆಯ ದಂತವೈದ್ಯ ಮೂಗು ಮುಚ್ಚಿಕೊಂಡು ಓಡಿಬಂದು ಬಾಗಿಲು ಬಡಿದ. ಅಡಿಗೆಮನೆಯ ತುಂಬ ಹೊಗೆ. ಪಾತ್ರೆಯ ತಳ ಇದ್ದಲಾಗಿತ್ತು. ಗುಟ್ಟು ರಟ್ಟಾಯಿತು.

ದೊಡ್ಡಮ್ಮನ ಮಗ, ನಮ್ಮ ಅಣ್ಣ, ವಿಮೆಯ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತಪಾಸಣೆ ಮಾಡುವವನು. ಹುಟ್ಟುಹಬ್ಬದ ಮೇಣದಬತ್ತಿ ಕಂಡರೂ ನೀರಿನ ಬಕೆಟ್ಟು ಎಲ್ಲಿದೆ ಎಂದು ನೋಡುವ ಪ್ರಾಣಿ. ಮರುದಿನವೇ ಸ್ಪ್ಯಾನರು ಹಿಡಿದು ಬಂದ.

“ಅಮ್ಮಾ, ಗ್ಯಾಸ್ ಒಲೆ ತೆಗೆದುಬಿಡ್ತೀನಿ. ಇನ್ಮೇಲೆ ದಿನಾ ನಮ್ಮನೆಯಿಂದ ಊಟದ ಡಬ್ಬಿ ಬರುತ್ತೆ.”

“ಸರಿ, ಮುಂದೆ?”

“ಮುಂದೆ ಏನಿದೆ? ನೀನು ಆರಾಮಾಗಿರು.”

“ಆರಾಮು ಬೇಕಾದಾಗ ನಾನೇ ಕೇಳ್ತೀನಿ. ಒಂದು ತಿಂಗಳು ಬಿಟ್ಟು ಎಲ್ಲರೂ ಊಟಕ್ಕೆ ಬನ್ನಿ, ಸಾಸ್ ಮಾಡ್ತೀನಿ. ತಳ ಹಿಡಿದ್ರೆ ನಾನೇ ಒಲೆ ಬಿಚ್ಚಿ ಕೊಡ್ತೀನಿ.”

ಆ ತಿಂಗಳಿಡೀ ಅಣ್ಣ ಗ್ಯಾಸಿನ ಕೀಲಿ ಮುಚ್ಚಿದೆಯೇ ಎಂದು ದಿನಕ್ಕೆರಡು ಸಲ ಫೋನಿನಲ್ಲಿ ವಿಚಾರಿಸಿದ. ದೊಡ್ಡಮ್ಮ ಸೌಟಿಗೆ ಕಿವಿಗೊಡುವುದನ್ನು ಅಭ್ಯಾಸ ಮಾಡಿದಳು.

ಊಟದ ದಿನ ನಾನೂ ಅಲ್ಲಿದ್ದೆ. ಈರುಳ್ಳಿ, ಕ್ಯಾರೆಟ್, ಸೆಲೆರಿ ದಂಟುಗಳನ್ನು ಸಣ್ಣಗೆ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಅವಸರವಿಲ್ಲದೆ ಬಾಡಿಸಿದಳು. ಬೆಳ್ಳುಳ್ಳಿಯನ್ನು ಬಣ್ಣ ನೋಡಿಯೇ ನಿಲ್ಲಿಸಿದಳು. ಸಿಪ್ಪೆ ಸುಲಿದ ಹಣ್ಣುಗಳನ್ನು ಬೆರಳುಗಳ ನಡುವೆ ಹಿಸುಕಿ ಹಾಕಿ, ಉರಿಯನ್ನು ಇದೆಯೋ ಇಲ್ಲವೋ ಎನ್ನುವಷ್ಟು ತಗ್ಗಿಸಿ, ಮುಚ್ಚಳವನ್ನು ಓರೆಯಾಗಿಟ್ಟಳು. ಆಮೇಲೆ ಉಳಿದದ್ದು ಕಾಯುವುದು. ನೀರು ಹೆಚ್ಚಿದ್ದಾಗ ಕಳಕಳ ಸದ್ದು, ಗಟ್ಟಿಯಾಗುತ್ತ ಬಂದಂತೆ ಒಂದೊಂದೇ ದಪ್ಪ ಗುಳ್ಳೆ ಒಡೆಯುವ ಸದ್ದು, ತಳ ಹಿಡಿಯುವ ಮೊದಲು ಒಂದು ಸಣ್ಣ ಚರಚರ: ಇದಿಷ್ಟೂ ತನಗೆ ಪಾಠವಾಗಿದೆಯೆಂದು ಅತ್ತಿಗೆಗೆ ವಿವರಿಸಿದಳು. ಅಣ್ಣ ಕಿಟಕಿಯ ಬಳಿ ಕೆಲಸದ ಮೇಲೆ ಬಂದವನ ಹಾಗೆ ನಿಂತಿದ್ದ.

ಮಧ್ಯಾಹ್ನದ ಹೊತ್ತಿಗೆ ಅವನು ಹೌಹಾರಿದ. “ಅಮ್ಮಾ, ಸೀದ ವಾಸನೆ! ನಂಗೆ ಚೆನ್ನಾಗಿ ಬರ್ತಿದೆ!”

ಸುಳ್ಳಲ್ಲ, ನನ್ನ ಮೂಗಿಗೂ ಬಡಿಯಿತು. ಅತ್ತಿಗೆ ತಲೆ ತಗ್ಗಿಸಿದಳು. ಅಣ್ಣ ಒಲೆ ಆರಿಸಲು ಕೈ ಚಾಚಿದ. ದೊಡ್ಡಮ್ಮ ಅವನ ಮಣಿಕಟ್ಟನ್ನು ಹಿಡಿದು, ಇನ್ನೊಂದು ಕೈಯಲ್ಲಿ ಸೌಟನ್ನು ಕಿವಿಗೆ ಒತ್ತಿದಳು. ಆ ಒಲೆ ಹೋದರೆ ಆಕೆ ಹೇಗೆ ಕೂತಿರುತ್ತಾಳೆಂದು ಊಹಿಸಲೂ ನನಗೆ ಮನಸ್ಸಾಗಲಿಲ್ಲ.

“ಚರಚರ ಇಲ್ಲ, ಪಾತ್ರೆ ಸುಮ್ನಿದೆ,” ಎಂದಳು. ಸೌಟಿನಿಂದ ತಳವನ್ನು ಕೆರೆದು ಎತ್ತಿ ಮಗನ ಮುಖಕ್ಕೆ ಹಿಡಿದಳು. ಕಪ್ಪಿನ ಚುಕ್ಕೆಯೂ ಇಲ್ಲದ ಗಾಢ ಕೆಂಪು, ಅಂಚಿನಲ್ಲಿ ಎಣ್ಣೆ ಬಿಟ್ಟಿತ್ತು. ಬರ್ನರಿನ ಅಂಚಿಗೆ ಸಿಡಿದು ಬಿದ್ದ ಒಂದು ಹನಿ ಕರಕಾಗಿ ಹೊಗೆಯಾಡುತ್ತಿತ್ತು, ಅಷ್ಟೆ. ಮೂಗು ನೆಟ್ಟಗಿದ್ದ ನಾವೆಲ್ಲ ಪೆಚ್ಚಾದೆವು.

ಅಣ್ಣ ಪಾಸ್ತಾವನ್ನು ಎರಡು ಸಲ ಬಡಿಸಿಕೊಂಡ. ಆದರೂ ಸೋಲೊಪ್ಪುವುದು ಅವನ ಜಾಯಮಾನವಲ್ಲ.

“ನಿಂಗೇ ಇದರ ಘಮ ಗೊತ್ತಾಗಲ್ಲ. ಯಾಕಮ್ಮಾ ಇಷ್ಟೊಂದು ಒದ್ದಾಟ?”

ದೊಡ್ಡಮ್ಮ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ಕೊನೆಕೊನೆಗೆ ನಿಮ್ಮಪ್ಪನಿಗೆ ಕಿವಿ ಪೂರ್ತಿ ಹೋಗಿತ್ತು. ಬೀದಿಯವರ ಪಂಪು ಮೋಟಾರುಗಳ ಮೇಲೆ ಅಂಗೈ ಇಟ್ಟು ನೋಡಿ ರಿಪೇರಿ ಮಾಡ್ತಿದ್ರು. ಆಗ ಅವ್ರ ಕೈಯಿಂದ ಸ್ಪ್ಯಾನರ್ ಕಿತ್ಕೊಂಡ್ಯಾ ನೀನು? ‘ನಮ್ಮಪ್ಪ ಎಂಥಾ ಗಟ್ಟಿ ಆಳು’ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಂಗೆ ಮಾತ್ರ ಯಾಕೋ ಊಟದ ಡಬ್ಬಿ?”

ಮುಂದಿನ ವಾರ ಅಣ್ಣ, ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಗೋಡೆಗೆ ಹಾಕಿದ. ಅದಕ್ಕೆ ಆಕೆ ಅಡ್ಡಿ ಮಾಡಲಿಲ್ಲ. ಒಲೆ ಇದ್ದಲ್ಲೇ ಇದೆ.

ಇಂಥವರನ್ನು ಹಟಮಾರಿಗಳೆಂದು ಕರೆದು ನಾವು ಸುಲಭವಾಗಿ ಪಾರಾಗುತ್ತೇವೆ. ವಯಸ್ಸಾದವರಿಂದ ನಾವು ಮೊದಲು ಕಸಿದುಕೊಳ್ಳುವುದು ಅವರ ಕೆಲಸವನ್ನು, ಅದೂ ಪ್ರೀತಿಯ ಹೆಸರಿನಲ್ಲಿ. ಹೆಚ್ಚಿನವರು ಮಕ್ಕಳ ಮನಸ್ಸು ನೋಯದಿರಲೆಂದು ಕೊಟ್ಟುಬಿಡುತ್ತಾರೆ. ಕೊಡದ ಕೆಲವರಿರುತ್ತಾರೆ. ತಾವು ಕಳೆದುಕೊಂಡದ್ದನ್ನು ಅವರು ಅಲ್ಲಗಳೆಯುವುದಿಲ್ಲ, ಅದಕ್ಕಾಗಿ ಅಳುತ್ತ ಕೂರುವುದೂ ಇಲ್ಲ. ಉಳಿದದ್ದನ್ನು ದುಡಿಮೆಗೆ ಹಚ್ಚುತ್ತಾರೆ. ಅವರ ಎಲ್ಲ ಪಟ್ಟುಗಳನ್ನೂ ನಾವು ಮೆಚ್ಚಬೇಕಾಗಿಲ್ಲ. ಒಲೆಗೂ ಅವರಿಗೂ ನಡುವೆ ನಿಲ್ಲದಿದ್ದರೆ ಸಾಕು.