ಬೇಲಿಯ ಕರೆಂಟು, ವೆಂಡೆಲ್‌ನ ಕಾಲು

ಬೆಳಿಗ್ಗೆ ಎದ್ದ ಕೂಡಲೇ, ದನ ದಾಟದಂತೆ ಸಣ್ಣ ಶಾಕ್ ಕೊಡುವ ಕರೆಂಟು ಬೇಲಿ ಸರಿಯಿದೆಯೇ ಎಂದು ನೋಡುವುದು ಕೆನಡಾದ ನಮ್ಮ ಸಸ್ಕ್ಯಾಚೆವಾನ್‌ನಲ್ಲಿ ದನ ಸಾಕುವವರೆಲ್ಲರ ಅಭ್ಯಾಸ. ನನ್ನ ಪಕ್ಕದ ಫಾರಮ್ಮಿನ ವೆಂಡೆಲ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದ್ದ. ದಿನಾ ಆ ತಂತಿಯನ್ನು ಕೈಯಾರೆ ಮುಟ್ಟುತ್ತಿದ್ದ! ಕೇಳಿದರೆ ಸಕ್ಕರೆ ಕಾಯಿಲೆಗೆ ಚಿಕಿತ್ಸೆಯಂತೆ.

ಮೇವಿನ ಅಂಗಡಿಯಲ್ಲಿ ಯಾರೋ, "ಈಗ ನರಕ್ಕೆ ಕರೆಂಟು ಕೊಟ್ಟು ಶುಗರ್ ಇಳಿಸ್ತಾರಂತೆ" ಎಂದಿದ್ದರು. ಅಷ್ಟೇ ಸಾಕಾಯಿತು. ಇನ್ಸುಲಿನ್ ಫ್ರಿಜ್ಜಿನ ಮೂಲೆ ಸೇರಿತು.

ಅವನ ಹೆಂಡತಿ ಡಾರ್ಲೀನ್‌ಗೆ ಜೀವವೇ ಹೋದಂತಾಗಿ, ನಮ್ಮೂರ ಕ್ಲಿನಿಕ್ಕಿನ ನರ್ಸ್ ಮ್ಯಾವಿಸ್‌ಳನ್ನು ಕಾಫಿಗೆ ಕರೆದಳು. ನಾನೂ ಹೋದೆ. ಡಾರ್ಲೀನ್ ಹಣ್ಣು ತುಂಬಿದ ಪೈ ಮಾಡಿದ್ದಾಳೆಂದರೆ ನಾನು ಬಿಡುವವಳಲ್ಲ.

"ಏನಪ್ಪ ವೆಂಡೆಲ್, ಸೂಜಿ ಬಿಟ್ಯಂತೆ?" ಮ್ಯಾವಿಸ್ ಕೇಳಿದಳು.

"ಬಿಟ್ಟೆ. ಬೇಲೀಲೇ ಬೇಕಾದಷ್ಟು ಕರೆಂಟಿದೆ, ಅದೂ ಪುಕ್ಕಟೆ!"

"ದಿನಾ ಬೇಲಿಗೆ ಮೂತಿ ತಾಗಿಸ್ಕೊಳ್ಳೋ ನಿನ್ನ ಹೋರಿಗೆ ಹೋದ ತಿಂಗಳು ಡಾಕ್ಟರನ್ನ ಯಾಕೆ ಕರೆಸಿದೆ ಹಾಗಾದ್ರೆ?"

ನಾನು ಕಿಸಕ್ಕನೆ ನಕ್ಕೆ. "ನೀನು ಸುಮ್ನೆ ಪೈ ತಿನ್ನು ಇರ್ಮಾ" ಎಂದು ವೆಂಡೆಲ್ ಗದರಿದ.

"ನೀನು ಕೇಳಿದ್ದು ಪೂರ್ತಿ ಸುಳ್ಳಲ್ಲ" ಎಂದಳು ಮ್ಯಾವಿಸ್. "ಲಿವರ್‌ಗೂ ಮೆದುಳಿಗೂ ಸುದ್ದಿ ಸಾಗಿಸೋ ನರಗಳಿವೆ. ಅವನ್ನ ಹದವಾಗಿ ಎಚ್ಚರಿಸಿದ್ರೆ ಸಕ್ಕರೆ ಹತೋಟಿಗೆ ಬರುತ್ತಾ ಅಂತ ಸಂಶೋಧಕರು ನೋಡ್ತಿದ್ದಾರೆ. ನನಗೂ ಅದರ ಮೇಲೆ ತುಂಬಾ ಆಸೆ ಇದೆ. ಆದ್ರೆ ಅದಿನ್ನೂ ಪರೀಕ್ಷೆ ಹಂತದಲ್ಲಿದೆ. ಯಾವ ನರಕ್ಕೆ, ಎಷ್ಟು, ಹೇಗೆ ಅಂತ ಅಳೆದು, ಡಾಕ್ಟರ ಕಣ್ಣೆದುರೇ ಮಾಡೋದು. ಬೇಲಿ ಇರೋದು ದನ ಹೆದರಿಸೋಕೆ. ನಿನ್ನ ಎದೆ ಬಡಿತ ಏರುಪೇರಾದ್ರೆ ಯಾರು ಹೊಣೆ?"

"ನನಗೆ ಗುಣ ಆಗ್ತಿದೆಯಲ್ಲ! ಶುಗರ್‌ನಿಂದ ಬಂದಿದ್ದ ಪಾದದ ಉರಿ ಪೂರ್ತಿ ಹೋಗಿದೆ. ಹಿಮ ಬೀಳೋಕ್ ಮುಂಚೆ ಹುಲ್ಲುಗಾವಲಿಂದ ದನ ಹೊಡ್ಕೊಂಡ್ ಬರ್ತೀವಲ್ಲ, ಆಗ ಕುದುರೆ ಮೇಲೆ ಎಲ್ಲರಿಗಿಂತ ಮುಂದೆ ನಾನೇ, ನೋಡ್ತಿರು."

ಮ್ಯಾವಿಸ್ ಕಪ್ಪು ಕೆಳಗಿಟ್ಟಳು. "ಬೂಟು ಬಿಚ್ಚು."

"ತಿಂಡಿ ತಿನ್ನೋ ಜಾಗದಲ್ಲಾ?"

"ಬಿಚ್ಚು ಅಂದೆ."

ಎಡಗಾಲಿನ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಬೇಲಿಗೆ ಹೊಡೆಯುವ ಮೊಳೆಯೊಂದು ಬೂಟಿನ ಅಟ್ಟೆ ಸೀಳಿಕೊಂಡು ಒಳಗೆ ಬಂದಿತ್ತು. ಅಂಗಾಲಲ್ಲಿ ಗಾಯ, ಕೀವು. ಅಯ್ಯೋ, ಅದರ ಮೇಲೇ ಈ ಮನುಷ್ಯ ಓಡಾಡಿಕೊಂಡಿದ್ದ!

"ನನಗೆ ಗೊತ್ತೇ ಆಗ್ಲಿಲ್ಲ..." ಎಂದ ವೆಂಡೆಲ್.

"ಉರಿ ಹೋಗಿದ್ದು ಗುಣ ಆಗಿ ಅಲ್ಲಪ್ಪ. ಸಕ್ಕರೆಯಿಂದ ನರ ಹಾಳಾಗಿ ಕಾಲು ಜಡವಾಗಿದೆ. ಇನ್ನೂ ತಡ ಮಾಡಿದ್ರೆ ಕಾಲನ್ನೇ ತೆಗೀಬೇಕಾಗುತ್ತೆ."

"ಕುದುರೆ ಹಾಳಾಗ್ಲಿ, ನನಗೆ ನಿನ್ನ ಕಾಲು ಬೇಕು ಕಣೋ!" ಎಂದು ಡಾರ್ಲೀನ್ ಅತ್ತೇಬಿಟ್ಟಳು.

ವೆಂಡೆಲ್ ಡಾರ್ಲೀನ್ ಕಡೆ ತಿರುಗಿದ. "ಟ್ರಕ್ ತೆಗಿ" ಎಂದ.

ಆಸ್ಪತ್ರೆಯಲ್ಲಿ ಗಾಯ ಕೊರೆದು ತೊಳೆದು, ಕಾಲು ಉಳಿಸಿಕೊಟ್ಟರು. ಹೊರಡುವಾಗ ವೆಂಡೆಲ್, "ನರದ ಪರೀಕ್ಷೆಗೆ ಜನ ಬೇಕಾದ್ರೆ ನನ್ನನ್ನೂ ಕೇಳಿ ಡಾಕ್ಟ್ರೇ. ಅಲ್ಲೀತನಕ ಸೂಜಿ ಬಿಡಲ್ಲ" ಎಂದನಂತೆ.

ಆ ಸಲ ದನ ಹೊಡೆದು ತರುವಾಗ ಅವನು ಕುದುರೆ ಹತ್ತಲಿಲ್ಲ. ಟ್ರಕ್ಕಿನಲ್ಲಿ ಕೂತು ಗೇಟು ಕಾದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಅಲ್ಲಿಂದಲೇ ಕೂಗಿದ: "ಶುಗರ್ ಇರೋರೆಲ್ಲ ಬೂಟು ಬಿಚ್ರೋ! ಅಂಗಾಲು ತೋರಿಸಿದ್ರೇನೇ ಊಟ!"

ಗೊಣಗುತ್ತಲೇ ಬಿಚ್ಚಿದರು. ನಾನೂ ಬಿಚ್ಚಿದೆ, ನನಗೂ ಶುಗರ್ ಇದೆಯಲ್ಲ.

ನಿಮಗೂ ಇದೆಯೇ? ಹೊಸ ಚಿಕಿತ್ಸೆಯ ಸುದ್ದಿ ಕೇಳಿದರೆ ಸಂತೋಷಪಡಿ, ಆದರೆ ಅದನ್ನು ಮೊದಲು ನಿಮ್ಮ ಡಾಕ್ಟರ ಹತ್ತಿರ ಒಯ್ಯಿರಿ. ಅವರು ಹೇಳದೆ ಸೂಜಿ, ಮಾತ್ರೆ ನಿಲ್ಲಿಸಬೇಡಿ. ನೋವಿಲ್ಲ ಎಂದು ನಂಬಿ ಕೂರಬೇಡಿ. ಈ ಕಥೆ ಮುಗಿಯಿತು, ಈಗ ನಿಮ್ಮ ಪಾದ ತಿರುಗಿಸಿ ನೋಡಿ.