ಬೋಗುಣಿಯ ಕೊಳೆನೀರು

ಬಿಳಿ ಒಣಗುತ್ತಿದೆ, ತಟ್ಟೆಯ ಅಂಚಿನಿಂದ ನಡುವಿನ ಕಡೆಗೆ ಒಣಗುತ್ತ ಬರುತ್ತಿದೆ, ಹಾಲಿಗೆ ಕೆನೆ ಕಟ್ಟಿದ ಹಾಗೆ, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಕುಂಚಕ್ಕೆ ಹತ್ತುವುದಿಲ್ಲ, ಒಣಗಲಿ, ಒಣಗಿ ಕಲ್ಲಾಗಲಿ, ಅವಳಿಗೇನು — ಬಿಳಿ ಕಲಸು ಅಂದವರು ಸಭೆಯ ಕಮಿಟಿಯವರು, ಕಲಸಿದ್ದಾಯಿತು, ಹಚ್ಚುತ್ತೇನೆ ಅಂತ ಅವಳೇನೂ ಮಾತು ಕೊಟ್ಟಿಲ್ಲವಲ್ಲ. ಹಲೋ, ಹಲೋ, ಮೈಕ್ ಟೆಸ್ಟಿಂಗ್, ಅನ್ನುತ್ತಾನೆ ವೈರಿಂಗಿನವನು ಮೂಲೆಯಿಂದ, ಹೊಸ ಪ್ರಾರ್ಥನಾಲಯದ ನಾಲ್ಕೂ ಗೋಡೆಗಳು ಹಲೋ ಅನ್ನುತ್ತವೆ, ಹಸಿ ಸುಣ್ಣದ ವಾಸನೆ, ಬೆಂಚುಗಳಿಗೆ ಬಳಿದ ವಾರ್ನಿಷಿನ ವಾಸನೆ, ಎದುರಿಗೆ ಗೋಡೆಗೆ ಒರಗಿ ನಿಂತಿದೆ ಅವಳ ಚಿತ್ರ, ಆಳೆತ್ತರದ್ದು, ನಾಳೆ ಮೊದಲ ಆರಾಧನೆಗೆ ಮುಂಚೆ ವೇದಿಕೆಯ ಹಿಂದೆ ಏರಬೇಕಾದದ್ದು: ಒಂದು ಕೋಣೆ, ಕೋಣೆಯಾಚೆಗೆ ಕತ್ತಲಿಗೆ ತೆರೆದ ಬಾಗಿಲು, ನೆಲದ ಮೇಲೆ ಒಂದು ಬೋಗುಣಿ, ಅದರ ಅಂಚಿಗೆ ಒದ್ದೆ ಟವಲು, ಒಳಗೆ ಕೊಳೆನೀರು. ಯೇಸು ಶಿಷ್ಯರ ಕಾಲು ತೊಳೆದು ಮುಗಿಸಿದ ಮೇಲಿನ ಕೋಣೆ, ಅಷ್ಟೇ, ಯೇಸು ಇಲ್ಲ, ಶಿಷ್ಯರಿಲ್ಲ, ತಲೆಯ ಸುತ್ತ ಬೆಳಕಿನ ಬಳೆಯಿಲ್ಲ. ಅಕ್ಕಾ, ಅದೇನು ಬಚ್ಚಲ ನೀರಾ, ಅಂತ ಕೇಳಿದ್ದ ವೈರಿಂಗಿನವನು ಬಂದ ಕೂಡಲೇ, ಹೌದಪ್ಪ ಅಂದಳು, ಸರಿಯಾಗಿ ನೋಡಿದವನು ಅವನೊಬ್ಬನೇ, ಕಮಿಟಿಯವರಿಗಿಂತ ವಾಸಿ. ಕಾರ್ಯದರ್ಶಿ ನಿನ್ನೆ ಬಂದು ಕೈ ಹಿಂದೆ ಕಟ್ಟಿ ನಿಂತು ಮೂಗು ಮುರಿದಿದ್ದು ಈಗಲೂ ಕಣ್ಣ ಮುಂದಿದೆ, ನೀರು ಒಂಚೂರು ತಿಳಿ ಮಾಡಿಬಿಡಮ್ಮ, ಬಿಳಿ ಹಚ್ಚು, ನೀಲಿ ಹಚ್ಚು, ದೇವರ ಮನೆಯಲ್ಲಿ ಕೊಳೆ ಯಾಕೆ, ಇಲ್ಲಾಂದ್ರೆ ಚಿತ್ರ ಸ್ಟೋರ್ ರೂಮಿಗೆ ಹೋಗುತ್ತೆ, ಆಮೇಲೆ ನನ್ನನ್ನ ಬೈಬೇಡ. ಇವತ್ತು ಸಂಜೆ ನೋಡಲು ಬರುತ್ತಾರಂತೆ, ಪಾದ್ರಿ ಅಯ್ಯನವರನ್ನೂ ಕರೆದುಕೊಂಡು. ಬರಲಿ.

ಯೇಸು ಎಲ್ಲಿದ್ದಾನಮ್ಮ ಅಂತ ಕೇಳುವುದು ಇವರಿಗೆ ಹೊಸದಲ್ಲ, ಹಳೆಯ ಮಂದಿರಕ್ಕೆ ಅವಳು ಸತ್ತು ಎದ್ದುಬಂದ ಲಾಜರನನ್ನು ಬರೆದಾಗಲೂ ಕೇಳಿದ್ದರು, ಅವಳು ಬರೆದದ್ದು ಸಮಾಧಿಯ ಬಾಯಲ್ಲಿ ಬಿದ್ದ ಬಟ್ಟೆಯ ಪಟ್ಟಿಗಳು, ಒಂದೊಂದು ಗಂಟೂ ಬಿಚ್ಚಿದ್ದು, ಕತ್ತರಿಸಿದ್ದಲ್ಲ — ಯಾರೋ ಕೂತು ಉಗುರಿನಿಂದ ಬಿಡಿಸಿದ್ದಾರೆ ಅಂತ ನೋಡಿದರೆ ತಿಳಿಯಬೇಡವೇ, ಅಲ್ಲಿರುವುದು ಯಾರ ಪ್ರೀತಿ ಅಂತ ಬೋರ್ಡು ಬರೆದು ತೂಗುಹಾಕಬೇಕೆ, ತಪ್ಪಿಹೋದ ಮಗನ ಕಥೆಗೆ ಅವಳು ಅಪ್ಪನನ್ನು ಬರೆಯಲಿಲ್ಲ, ಅಪ್ಪ ಕಾದು ನಿಂತು ನಿಂತು ಸವೆದ ಹೊಸ್ತಿಲನ್ನು ಬರೆದಳು, ಒಬ್ಬ ಮುದುಕಿ ಅದರ ಮುಂದೆ ಕೂತು ಅತ್ತಳು, ಅದೊಂದು ಸಾಕಾಗಿತ್ತು. ಎದ್ದು ನಿಂತು ಪ್ರಾರ್ಥಿಸು ಅಂದರೆ ಅವಳ ನಾಲಿಗೆ ಒಣಗುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ, ಸ್ವಾಮೀ ಅನ್ನುವಷ್ಟರಲ್ಲಿ ತೊದಲು, ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು, ಆದರೆ ಕುಂಚ ಹಿಡಿದರೆ ತೊದಲಿಲ್ಲ, ಅವಳ ಪ್ರಾರ್ಥನೆ ಅದೇ, ಬೇಕಾದರೆ ಒಪ್ಪಿಕೊಳ್ಳಿ, ಬೇಡವಾದರೆ ಬಿಡಿ, ಕೇಳುವವನು ಕೇಳಿಸಿಕೊಂಡಿದ್ದಾನೆ. ಈ ನೀರಿಗೆ ಅವಳು ಬಣ್ಣ ಕಲಸಿಯೇ ಇಲ್ಲ. ಕುಂಚ ತೊಳೆದ ನೀರನ್ನೇ ಡಬ್ಬಿಯಲ್ಲಿ ಉಳಿಸಿ, ಕ್ಯಾನ್ವಾಸನ್ನು ನೆಲಕ್ಕೆ ಮಲಗಿಸಿ, ಬೋಗುಣಿಯ ಜಾಗಕ್ಕೆ ಹನಿಹನಿಯಾಗಿ ಬಿಟ್ಟು, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು — ಗೋಡೆಯ ಬಣ್ಣ, ಟವಲಿನ ಬಣ್ಣ, ಕತ್ತಲೆಯ ಬಣ್ಣ, ತೊಳೆದದ್ದೆಲ್ಲ ಅದರಲ್ಲಿದೆ, ಎಲ್ಲ ಕಾಲುಗಳ ಕೊಳೆ ಒಟ್ಟಿಗೆ, ಯಾರ ಕೊಳೆ ಎಷ್ಟು ಅಂತ ಬೇರೆ ಮಾಡಿ ತೋರಿಸಿ ನೋಡೋಣ, ತಾಕತ್ತಿದ್ದರೆ. ದೇವರ ಮನೆಯಲ್ಲಿ ಕೊಳೆ ಯಾಕಂತೆ! ಕಾಲು ತೊಳೆದ ಮೇಲೂ ನೀರು ತಿಳಿಯಾಗಿದ್ದರೆ ತೊಳೆದದ್ದು ಸುಳ್ಳು. ಆದರೆ ಕಾರ್ಯದರ್ಶಿಗೆ ನಿಜವಾಗಿ ಚುಚ್ಚಿದ್ದು ನೀರಲ್ಲ, ಅದು ಅವಳಿಗೂ ಗೊತ್ತು, ಅವನ ಬೆನ್ನ ಹಿಂದೆ ನಿಂತಿದ್ದ ಸೋದರತ್ತೆಗೂ ಗೊತ್ತು, ಸ್ತ್ರೀ ಸಂಘದ ಅಧ್ಯಕ್ಷಿಣಿ, ಅಪ್ಪನ ತಂಗಿ, ಕಣ್ಣು ಮಾತ್ರ ಹದ್ದಿನದು, ಬೋಗುಣಿಯ ಅಂಚಿನಲ್ಲಿ ಮೆರುಗು ಚಕ್ಕೆಯೆದ್ದು ಕಪ್ಪಾದ ಜಾಗವನ್ನು ಬೆರಳು ಮಾಡಿ ತೋರಿಸಿ, ಇದು ನಿಮ್ಮನೆ ಬೋಗುಣಿ ಅಲ್ವೇನೇ, ನಿನ್ನ ತಮ್ಮನ ಕಾಲು ತೊಳೆಯೋದು ಇದರಲ್ಲೇ ಅಲ್ವಾ, ಆ ಯೂದನ ಬೋಗುಣೀನ ತಂದು ನಮ್ಮ ತಲೆ ಮೇಲೆ ನೇತುಹಾಕ್ತೀಯಾ? ಯೂದ. ಸ್ವಂತ ಅಣ್ಣನ ಮಗ, ಎತ್ತಿ ಆಡಿಸಿದ ಕೂಸು, ಗುರುವನ್ನು ಮಾರಿದವನ ಹೆಸರಿನಿಂದ ಕರೆಯುವಾಗ ಆ ಬಾಯಿ ಒಂದಿಷ್ಟೂ ಅಳುಕಲಿಲ್ಲ.

ಅವನು ಮಾಡಿದ್ದೇನು — ಗಾರೆ ಕೆಲಸದವನು, ಹಳೆಯ ಮಂದಿರದ ತೊಲೆ ಬಿರುಕು ಬಿಟ್ಟಿದ್ದನ್ನು ಕಂಡ, ಕಮಿಟಿಗೆ ಹೇಳಿದ, ಬಾಯಿ ಮುಚ್ಕೊಂಡಿರು ಅಂದರು, ಮುಚ್ಚಿಕೊಂಡಿರಲಾರದೆ ನಗರಸಭೆಗೆ ಹೋಗಿ ಹೇಳಿಬಿಟ್ಟ, ಅವರು ಬಂದು ಬೀಗ ಜಡಿದರು, ಆಮೇಲೆ ಕೆಡವಿದರು, ಅಜ್ಜ ಮುತ್ತಾತರು ಕಟ್ಟಿದ್ದು, ಮದುವೆಗಳಾಗಿದ್ದು, ಹೆಣಗಳಿಗೆ ಹಾಡಿದ್ದು, ಎಲ್ಲ ಒಂದು ರಾಶಿ ಇಟ್ಟಿಗೆ. ತೊಲೆ ಬೀಳುತ್ತಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವುದಿಲ್ಲ, ಅವಳಿಗೂ ತಿಳಿಯದು, ಅವನೂ ಈಗೀಗ ಸುಮ್ಮನೆ ಕೂತಾಗ ಸೂರು ನೋಡುತ್ತಾನೆ. ಅಂದಿನಿಂದ ಅವನು ಸಭೆಗೆ ಕಾಲಿಟ್ಟಿಲ್ಲ, ಆಮೇಲೆ ಸಕ್ಕರೆ ಕಾಯಿಲೆ ಬಂತು, ಬಲಗಾಲಿನ ಹೆಬ್ಬೆರಳನ್ನು ಡಾಕ್ಟರು ತೆಗೆದರು, ನೋಡಿದಿರಾ ದೇವರ ಕೈ ಅಂದರು ಇವರು, ಎಷ್ಟು ಸುಲಭವಾಗಿ ಅಂದುಬಿಟ್ಟರು! ದಿನವೂ ಬೆಳಿಗ್ಗೆ ಉಗುರು ಬೆಚ್ಚಗಿನ ನೀರು, ಅವಳು ನೆಲಕ್ಕೆ ಕೂರುತ್ತಾಳೆ, ಅವನು ಕುರ್ಚಿಯಲ್ಲಿ, ಮುಖ ಆ ಕಡೆ, ಅಕ್ಕನ ಕೈಲಿ ಕಾಲು ತೊಳೆಸಿಕೊಳ್ಳುವ ನಾಚಿಕೆ ಇನ್ನೂ ಹೋಗಿಲ್ಲ, ತೊಳೆದದ್ದೇ ತಡ ಎದ್ದು ಹೊರಟುಬಿಡುತ್ತಾನೆ, ಒರೆಸ್ಕೊಳ್ಳೋ ಮಾರಾಯ, ಜಾರಿ ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ, ಅಂತ ಅವಳು ಕೂಗುವಷ್ಟರಲ್ಲಿ ಬಾಗಿಲು ದಾಟಿರುತ್ತಾನೆ, ನೆಲದ ಮೇಲೆ ಒದ್ದೆ ಹೆಜ್ಜೆಗಳು, ಎಡದ್ದು ಪೂರ್ತಿ, ಬಲದ್ದರಲ್ಲಿ ನಾಲ್ಕೇ ಬೆರಳು, ಹೆಬ್ಬೆರಳಿನ ಕಡೆ ಒಣ ನೆಲ. ಇವತ್ತು ಮಾತ್ರ ಏಳಲಿಲ್ಲ. ಅಕ್ಕ, ಬಿಳಿ ಹಚ್ಚಿಬಿಡು, ಅಂದ, ನನ್ನ ದೆಸೆಯಿಂದ ನಿನ್ನ ಚಿತ್ರ ಕತ್ತಲ ಕೋಣೆ ಸೇರೋದು ಬೇಡ, ನಾನಂತೂ ಅಲ್ಲಿಗೆ ಬರೋನಲ್ಲ, ನಿನಗಾದ್ರೂ ಒಂದು ಜಾಗ ಇರಲಿ. ಬಾಯ್ಮುಚ್ಚು ಅಂದಳು. ಅಷ್ಟೇ ಅಂದಳು, ಹಿಮ್ಮಡಿ ಕೈಯಲ್ಲಿತ್ತು, ಬಂದು ಇಲ್ಲಿ ಕೂತು ಬಿಳಿ ಕಲಸಿದಳು, ಅವರು ಹೆದರಿಸಿದ್ದಕ್ಕಲ್ಲ, ಅವನು ಬೇಡಿದ್ದಕ್ಕೆ.

ಆಗಲಿ, ಯೂದನೇ ಆಗಲಿ! ವಾದವೇ ಬೇಡ, ತೊಲೆ ಗಟ್ಟಿಯಾಗಿತ್ತು, ಅವನು ಸುಳ್ಳ, ದ್ರೋಹಿ, ಎಲ್ಲ ಒಪ್ಪಿದೆ, ಈಗ ಹೇಳಿ — ಆ ರಾತ್ರಿ ಯೂದನ ಕಾಲನ್ನು ಬಿಟ್ಟು ಮುಂದಿನವನ ಕಡೆ ಹೋದನೇ ಯೇಸು? ಗೊತ್ತಿತ್ತು, ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದ, ಬೆರಳ ಸಂದಿಯ ಧೂಳನ್ನು ಉಜ್ಜಿದ, ಅದೇ ಟವಲಿನಿಂದ ಒರೆಸಿದ, ಆಮೇಲೆ ತಾನೇ ಯೂದ ಎದ್ದು ಕತ್ತಲಿಗೆ ಹೋದದ್ದು, ತೊಳೆದ ಕಾಲಿನಲ್ಲೇ ಹೋದ. ತೊಳೆದ ಕಾಲಿನಲ್ಲೇ. ಇದನ್ನು ಯಾರು ಬರೆದಿದ್ದಾರೆ, ಎಲ್ಲರೂ ಅವನ ಕೈಗೆ ಹಣದ ಚೀಲ ಕೊಟ್ಟರು, ಮುಖಕ್ಕೆ ನೆರಳು ಕೊಟ್ಟರು, ಕಾಲನ್ನು ಯಾರೂ ನೋಡಲಿಲ್ಲ — ಅವಳು ನೋಡಿದ್ದಾಳೆಯೇ? ಚಿತ್ರದ ನೆಲವನ್ನು ನೋಡುತ್ತಾಳೆ, ಬೋಗುಣಿಯಿಂದ ಬಾಗಿಲಿನವರೆಗೆ, ನೆಲ ಒಣಗಿದೆ. ಎಂಥ ಅಚ್ಚುಕಟ್ಟಾದ ಒಣ ನೆಲ! ಕೊಳೆನೀರು ಬರೆದೆ ಅಂತ ಬೀಗುತ್ತಿದ್ದವಳು ಹೆದರಿ ಬಾಗಿಲ ಹತ್ತಿರ ಒರೆಸಿಬಿಟ್ಟಿದ್ದಾಳೆ, ಥೂ. ಹಲೋ, ಹಲೋ. ಹೊರಗೆ ಚಪ್ಪಲಿ ಬಿಡುವ ಸದ್ದು, ಅತ್ತೆಯ ಕೆಮ್ಮು, ಅಯ್ಯನವರ ಮೆಲುದನಿ, ಬಂದೇಬಿಟ್ಟರು, ಬರಲಿ, ಅವಳು ಕುಂಚವನ್ನು ಡಬ್ಬಿಯ ಕೊಳೆನೀರಿಗೆ ಅದ್ದುತ್ತಾಳೆ, ಒದ್ದೆ ಹೆಜ್ಜೆ ಅಂದರೆ ನೆಲದ ಬಣ್ಣವೇ ಒಂದು ಪದರ ಗಾಢವಾಗಬೇಕು, ಹಿಮ್ಮಡಿ, ಪಾದದ ಅಂಚು, ಬೆರಳುಗಳು, ಎಡದ್ದು ಆಯಿತು, ಕೆನೆಯನ್ನು ಒಡೆದು ಅಡಿಯಲ್ಲಿ ಇನ್ನೂ ಹಸಿಯಾಗಿರುವ ಬಿಳಿಯನ್ನು ತುದಿಗೆ ತೆಗೆದುಕೊಂಡು ಅಂಚಿಗೊಂದು ಹೊಳಪು, ಹಾ, ಬಿಳಿ ಹಚ್ತಿದ್ದಾಳೆ ನೋಡಿ, ನಾನು ಹೇಳ್ಲಿಲ್ವಾ, ಅನ್ನುತ್ತಾನೆ ಕಾರ್ಯದರ್ಶಿ ದೂರದಿಂದಲೇ, ಖುಷಿ ಪಡಲಿ ಪಾಪ, ಈಗ ಬಲದ್ದು, ಬಾಗಿಲಿಗೆ ಇನ್ನೂ ಹತ್ತಿರ, ಒಂದು, ಎರಡು, ಮೂರು, ನಾಲ್ಕು, ಸ್ಟೋರ್ ರೂಮಿಗೆ ಹೋಗುವುದಾದರೆ ಈ ಕಾಲನ್ನೂ ಹೊತ್ತುಕೊಂಡೇ ಹೋಗಲಿ, ಇಲಿಗಳಾದರೂ ನೋಡಲಿ, ಅತ್ತೆ ಹತ್ತಿರ ಬಂದು ಬಗ್ಗಿ ಬೆರಳುಗಳನ್ನು ಎಣಿಸುತ್ತಾಳೆ, ಯಾರ ಕಾಲಮ್ಮ ಇದು, ಅಂತ ಅಯ್ಯನವರು ಕೇಳುತ್ತಾರೆ, ತೊಳೆದ ಕಾಲು, ಅನ್ನುತ್ತಾಳೆ ಅವಳು, ತೊದಲದೆ, ತಿರುಗದೆ, ಮನಸ್ಸಿನಲ್ಲಿ ಇರುವುದು ಇದೊಂದೇ — ಹಿಮ್ಮಡಿ, ನಾಲ್ಕು ಬೆರಳು, ಐದನೆಯದರ ಜಾಗದಲ್ಲಿ ಒಣ ನೆಲ, ಉಳಿದದ್ದೆಲ್ಲ ಒದ್ದೆ, ಇನ್ನೂ ಒದ್ದೆ